ಮಗು ಇವತ್ತು ಶಾಲೆಗೆ ಬರೋದಿಲ್ಲ: ಪ್ರಾಥಮಿಕ ಶಾಲೆಯ ಹಾಜರಿ ಮತ್ತು ರಜೆ ಬಗ್ಗೆ ಅಪ್ಪ-ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಬಂದು ಕೂತ ಮೇಲೆ ಮೊದಲು ತೆರೆಯುವುದು ಹಾಜರಿ ಪುಸ್ತಕ. ಒಂದೊಂದೇ ಹೆಸರು ಕರೆದ ಹಾಗೆ 'ಎಸ್ ಮಿಸ್', 'ಎಸ್ ಮಿಸ್' ಎಂದು ದನಿ ಬರುತ್ತದೆ. ನಡುವೆ ಒಂದು ಹೆಸರಿಗೆ ದನಿಯೇ ಇಲ್ಲ. ಪಕ್ಕದ ಮಗು ಎದ್ದು ನಿಂತು 'ಅವ್ನು ಬಂದಿಲ್ಲ ಮಿಸ್' ಎನ್ನುತ್ತದೆ. ಯಾಕಂತೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಅಷ್ಟೂ ವರ್ಷ ನನ್ನನ್ನು ಕಾಡಿದ್ದು ಈ 'ಗೊತ್ತಿಲ್ಲ'. ಮಗುವಿಗೆ ಜ್ವರವೇ? ಮನೆಯಲ್ಲಿ ಏನಾದರೂ ಆಯಿತೇ? ಮನೆಯಿಂದ ಹೊರಟು ದಾರಿಯಲ್ಲಿ ಎಲ್ಲಾದರೂ ಉಳಿಯಿತೇ? ಒಂದು ಫೋನ್ ಬಂದಿದ್ದರೆ ಇಷ್ಟೂ ಚಿಂತೆ ಇರುತ್ತಿರಲಿಲ್ಲ. ಅದಕ್ಕೇ ಎಲ್ಲಕ್ಕಿಂತ ಮೊದಲು ಹೇಳುವ ಮಾತು ಇದು: ರಜೆ ಬೇಕಾದಾಗ ಹಾಕಿ, ಆದರೆ ಹೇಳಿ ಹಾಕಿ. ಉಳಿದದ್ದೆಲ್ಲ ಇದರ ವಿವರ. ಇಲ್ಲಿ ಬರೆದಿರುವುದು ಕರ್ನಾಟಕದ ಒಂದರಿಂದ ಏಳು, ಎಂಟನೇ ತರಗತಿಯ ಮಕ್ಕಳ ಮನೆಯವರಿಗೆ. ಸರ್ಕಾರಿ ಶಾಲೆಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಜಾಸ್ತಿ ಭಾಗ ಖಾಸಗಿ ಶಾಲೆಗೂ ಹೊಂದುತ್ತದೆ.

ಮೊದಲು ನಿಯಮ ತಿಳಿದುಕೊಳ್ಳಿ

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಜಾರಿಯಾದದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕನ್ನು ಅದು ಕೊಟ್ಟಿದೆ. ಮಗುವನ್ನು ಶಾಲೆಗೆ ಸೇರಿಸುವುದು ಅಪ್ಪ-ಅಮ್ಮನ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿದ ಮಗು ದಿನವೂ ಬರುವಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ ಮೇಲೂ ಇದೆ. 24ನೇ ಕಲಂ ಶಿಕ್ಷಕರಿಗೆ ಒಂದು ಕೆಲಸ ವಹಿಸಿದೆ: ಪೋಷಕರನ್ನು ಆಗಾಗ ಕರೆದು ಮಗುವಿನ ಹಾಜರಿ ಹೇಗಿದೆ, ಕಲಿಕೆ ಹೇಗಿದೆ ಎಂದು ತಿಳಿಸಬೇಕು. ಹಾಗಾಗಿ 'ನನ್ನ ಮಗಳ ಹಾಜರಿ ಎಷ್ಟಿದೆ ಮೇಡಂ?' ಎಂದು ಕೇಳಲು ಸಂಕೋಚ ಬೇಡ. ಅದು ನೀವು ಕೇಳಬೇಕಾದ ಪ್ರಶ್ನೆ, ಅವರು ಉತ್ತರ ಕೊಡಬೇಕಾದ ಪ್ರಶ್ನೆ.

ಶಾಲೆ ವರ್ಷಕ್ಕೆ ಎಷ್ಟು ದಿನ ನಡೆಯಬೇಕು ಎಂಬುದೂ ಅದೇ ಕಾಯ್ದೆಯಲ್ಲಿದೆ. ಒಂದರಿಂದ ಐದನೇ ತರಗತಿಗೆ ಕನಿಷ್ಠ 200 ದಿನ, 800 ಗಂಟೆ ಪಾಠ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ.

ತುಂಬಾ ಜನ '75 ಪರ್ಸೆಂಟ್ ಹಾಜರಿ ಇದ್ದರೆ ಸಾಕಲ್ವಾ?' ಎಂದು ಕೇಳುತ್ತಾರೆ. ಆ 75ರ ಲೆಕ್ಕ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರುವ ಮಕ್ಕಳದ್ದು. ಅದನ್ನು ಎರಡನೇ ತರಗತಿಯ ಮಗುವಿಗೆ ಹಚ್ಚಿ, ಇನ್ನೂ 25 ಬಾಕಿ ಇದೆ ಎಂದು ರಜೆ ಹಾಕಿಸುವುದು ತಪ್ಪು. 200 ದಿನದಲ್ಲಿ 25 ಪರ್ಸೆಂಟ್ ಅಂದರೆ 50 ದಿನ. ಓದು ಬರಹ ಈಗಷ್ಟೇ ಹಿಡಿಯುತ್ತಿರುವ ಮಗು 50 ದಿನ ತಪ್ಪಿಸಿಕೊಂಡರೆ ಅಕ್ಷರ ಕೈಗೆ ಹತ್ತುವುದು ಕಷ್ಟ.

ಇನ್ನೊಂದು ಭಯವೂ ಮನೆಗಳಲ್ಲಿದೆ: 'ಹಾಜರಿ ಕಮ್ಮಿ ಆಯ್ತು, ಹೆಸರು ತೆಗೆದುಹಾಕ್ತಾರೆ.' ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಇದು 16ನೇ ಕಲಮಿನಲ್ಲಿದೆ. ಮಧ್ಯೆ ಎಷ್ಟೇ ದಿನ ತಪ್ಪಿದ್ದರೂ ಮಗು ವಾಪಸ್ ಬರಬಹುದು, ಬರಲೇಬೇಕು.

ಬಿಡಿ ರಜೆಗಳ ಲೆಕ್ಕ ಹಾಕಿ

ಟೈಫಾಯ್ಡ್ ಬಂದು ಹದಿನೈದು ದಿನ ಮಲಗಿದ ಮಗುವಿನ ಬಗ್ಗೆ ಮನೆಯಲ್ಲೂ ಶಾಲೆಯಲ್ಲೂ ಎಲ್ಲರಿಗೂ ಕಾಳಜಿ ಇರುತ್ತದೆ. ಅದಕ್ಕೆ ಪಾಠ ಹೇಳಿಕೊಡಲು ಜನ ಮುಂದೆ ಬರುತ್ತಾರೆ. ಯಾರ ಕಣ್ಣಿಗೂ ಬೀಳದೆ ಹೋಗುವುದು ಅಲ್ಲೊಂದು ಇಲ್ಲೊಂದು ರಜೆ. ತಿಂಗಳಿಗೆ ಎರಡೇ ದಿನ ಎಂದುಕೊಳ್ಳಿ. ಹತ್ತು ತಿಂಗಳಿಗೆ ಇಪ್ಪತ್ತು ದಿನ. 200ರಲ್ಲಿ ಹತ್ತನೇ ಒಂದು ಭಾಗ. ಒಂದರಿಂದ ಐದನೇ ತರಗತಿವರೆಗೆ ಹೀಗೇ ನಡೆದರೆ ನೂರು ದಿನ, ಅಂದರೆ ಅರ್ಧ ವರ್ಷದ ಶಾಲೆ. ಮನೆಯವರನ್ನು ಕೇಳಿದರೆ 'ನಮ್ಮ ಹುಡುಗ ರಜಾನೇ ಹಾಕಲ್ಲ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಒಂದೊಂದೇ ದಿನ ನೆನಪಿನಲ್ಲಿ ಉಳಿಯುವುದಿಲ್ಲ, ಅಷ್ಟೇ.

ಇದಕ್ಕೆ ಸುಲಭದ ದಾರಿ ಗೋಡೆಯ ಕ್ಯಾಲೆಂಡರ್. ಮಗು ಶಾಲೆಗೆ ಹೋಗದ ದಿನಕ್ಕೆ ಒಂದು ಸುತ್ತು ಹಾಕಿ. ಪಕ್ಕದಲ್ಲೇ ಕಾರಣ ಬರೆಯಿರಿ. ಮೂರು ತಿಂಗಳಾದ ಮೇಲೆ ನೋಡಿದರೆ ಒಂದು ಚಿತ್ರ ಕಾಣುತ್ತದೆ. ಸೋಮವಾರಗಳೇ ಜಾಸ್ತಿಯೇ? ಹಬ್ಬದ ಮಾರನೇ ದಿನವೇ?

ನನ್ನ ಮೂರನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಬಂದ ದಿನ ಎಲ್ಲರಿಗಿಂತ ಚುರುಕು. ಆದರೆ ಪ್ರತಿ ಗುರುವಾರ ಅವಳ ಹೆಸರಿಗೆ ಉತ್ತರ ಇಲ್ಲ. ಹಾಜರಿ ಪುಸ್ತಕದ ನಾಲ್ಕು ಹಾಳೆ ತಿರುವಿ ನೋಡಿದ ಮೇಲೆ ಹೊಳೆಯಿತು, ಗುರುವಾರ ಊರಿನ ಸಂತೆ. ಅಮ್ಮ ತರಕಾರಿ ಮಾರಲು ಹೋಗುತ್ತಾರೆ, ಇವಳು ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಆ ತಾಯಿಗೆ ಮಗಳ ಓದು ಬೇಡ ಎಂದೇನಿರಲಿಲ್ಲ, ಬೇರೆ ದಾರಿ ಕಂಡಿರಲಿಲ್ಲ. ತಮ್ಮನಿಗೆ ಮೂರು ತುಂಬಿತ್ತು. ಅಂಗನವಾಡಿಗೆ ಸೇರಿಸಿದ್ದೇ ತಡ, ಅಕ್ಕ ಗುರುವಾರವೂ ಬರತೊಡಗಿದಳು. ಮೂರು ವರ್ಷದೊಳಗಿನ ಮಕ್ಕಳಿಗಾಗಿ ಈಗ ಹಲವು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಇದೆ. ದೊಡ್ಡ ಮಗುವಿನ ರಜೆಗೆ ಚಿಕ್ಕ ಮಗು ಕಾರಣವಾಗಿದ್ದರೆ ಮೊದಲು ಅಲ್ಲಿ ವಿಚಾರಿಸಿ.

ವರ್ಷದ ಆರಂಭದಲ್ಲೇ ಮಾಡಿಡಬೇಕಾದ್ದು

ಜೂನ್ ಹೊತ್ತಿಗೆ ಶಾಲೆ ಶುರುವಾದಾಗ ಮೂರು ಕೆಲಸ ಮಾಡಿ. ತರಗತಿ ಶಿಕ್ಷಕರ ಮೊಬೈಲ್ ನಂಬರ್ ಪಡೆದು ಮನೆಯ ಇಬ್ಬರ ಫೋನಿನಲ್ಲಾದರೂ ಉಳಿಸಿಕೊಳ್ಳಿ. ನಿಮ್ಮ ನಂಬರ್ ಬದಲಾಗಿದ್ದರೆ ಶಾಲೆಗೆ ಹೇಳಿ. ಕಳೆದ ವರ್ಷದ ನಂಬರಿಗೆ ಕರೆ ಮಾಡಿ 'ಈ ಸಂಖ್ಯೆ ಚಾಲ್ತಿಯಲ್ಲಿಲ್ಲ' ಎಂದು ಕೇಳಿಸಿಕೊಂಡ ಬೆಳಗುಗಳು ಎಷ್ಟೋ. ಮೂರನೆಯದಾಗಿ, ಆ ವರ್ಷದ ರಜಾ ಪಟ್ಟಿಯನ್ನು ಬರೆದುಕೊಳ್ಳಿ. ದಸರಾ ರಜೆ ಯಾವಾಗಿನಿಂದ, ಬೇಸಿಗೆ ರಜೆ ಯಾವಾಗ, ಪರೀಕ್ಷೆಗಳು ಯಾವ ವಾರ ಎಂಬುದೆಲ್ಲ ಶಾಲೆಯಲ್ಲಿ ಇರುತ್ತದೆ. ಮದುವೆ, ಗೃಹಪ್ರವೇಶ, ಮುಡಿ ಕೊಡುವುದು, ಇವಕ್ಕೆ ದಿನ ಗೊತ್ತು ಮಾಡುವಾಗ ಆ ಪಟ್ಟಿ ಕೈಯಲ್ಲಿರಲಿ.

ಶನಿವಾರ ಬೆಳಗಿನ ಶಾಲೆ ಎಂದು ಸಸಾರ ಮಾಡಬೇಡಿ. ಅರ್ಧ ದಿನದ ಶಾಲೆಗೆ ಕಳಿಸಿ ಏನು ಪ್ರಯೋಜನ ಎಂದು ಶುಕ್ರವಾರ ಸಂಜೆಯೇ ಅಜ್ಜಿ ಮನೆಗೆ ಹೊರಡುವ ರೂಢಿ ಬಹಳ ಮನೆಗಳಲ್ಲಿದೆ. ಮಲೆನಾಡು, ಕರಾವಳಿಯವರು ಇನ್ನೊಂದು ವಿಷಯ ಗಮನಿಸಿ. ಮಳೆಗೆ ಜಿಲ್ಲಾಧಿಕಾರಿಗಳು ಕೊಟ್ಟ ರಜೆಯನ್ನು ಮುಂದೆ ಶನಿವಾರ ಪೂರ್ತಿ ದಿನವೋ ಭಾನುವಾರವೋ ಶಾಲೆ ನಡೆಸಿ ಸರಿದೂಗಿಸುತ್ತಾರೆ. ಆ ದಿನಗಳೂ ಶಾಲೆಯ ದಿನಗಳೇ.

ಬೆಳಿಗ್ಗೆ ಎದ್ದಾಗ: ಕಳಿಸುವುದೋ ಬೇಡವೋ?

ಮೂಗು ಸೋರುತ್ತಿದೆ, ಸ್ವಲ್ಪ ಕೆಮ್ಮು ಇದೆ, ಆದರೆ ಜ್ವರ ಇಲ್ಲ, ಮಗು ಆಡುತ್ತಿದೆ ಎಂದಾದರೆ ಕಳಿಸಿ. ಒಂದು ಕರವಸ್ತ್ರ ಕೊಟ್ಟು, ಕೆಮ್ಮುವಾಗ ಬಾಯಿಗೆ ಅಡ್ಡ ಹಿಡಿ ಎಂದು ಹೇಳಿ ಕಳಿಸಿ.

ಜ್ವರ ಇದ್ದರೆ ಬೇಡ. ಮಾತ್ರೆ ಕೊಟ್ಟು ಜ್ವರ ಇಳಿಸಿ ಕಳಿಸುವುದಂತೂ ಬೇಡವೇ ಬೇಡ. ಮಧ್ಯಾಹ್ನದ ಹೊತ್ತಿಗೆ ಮಾತ್ರೆಯ ಬಲ ಮುಗಿದು ಮಗು ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತದೆ. ಔಷಧಿ ಇಲ್ಲದೆ ಒಂದು ಪೂರ್ತಿ ದಿನ ಜ್ವರ ಬಾರದಿದ್ದರೆ ಆಮೇಲೆ ಕಳಿಸಿ. ವಾಂತಿ, ಭೇದಿ ಆಗಿದ್ದರೆ ನಿಂತ ಮೇಲೆ ಎರಡು ದಿನ ಕಾಯುವುದು ಒಳ್ಳೆಯದು. ಎಲ್ಲರೂ ಒಟ್ಟಿಗೆ ಕೂತು ಬಿಸಿಯೂಟ ಮಾಡುವ ಜಾಗದಲ್ಲಿ ಇದು ಬೇಗ ಹರಡುತ್ತದೆ.

ಚಿಕನ್ ಪಾಕ್ಸ್, ಅಂದರೆ ಮನೆಗಳಲ್ಲಿ 'ಅಮ್ಮ' ಎನ್ನುತ್ತಾರಲ್ಲ, ಅದು ಬಂದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲಿರಲಿ. ಒಂದೇ ಒಂದು ಹಸಿ ಗುಳ್ಳೆ ಇದ್ದರೂ ಕಾಯಿರಿ. ದಡಾರಕ್ಕೆ ಮೈಮೇಲೆ ಕೆಂಪು ಎದ್ದ ದಿನದಿಂದ ಕನಿಷ್ಠ ನಾಲ್ಕು ದಿನ, ಮಂಗನಬಾವಿಗೆ ಕೆನ್ನೆ ಊದಿದ ದಿನದಿಂದ ಐದು ದಿನ. ಇವೆಲ್ಲದಕ್ಕೂ ಡಾಕ್ಟರಿಗೆ ತೋರಿಸಿ, ಅವರ ಮಾತೇ ಕೊನೆ. ಕೆಂಗಣ್ಣು ಬಂದಾಗಲೂ ಅಷ್ಟೇ, ಡಾಕ್ಟರು ಹೇಳುವ ತನಕ ಮನೆಯಲ್ಲಿರಲಿ. ಇಂಥ ಕಾಯಿಲೆಯಾದರೆ ಹೆಸರು ಹೇಳಿಯೇ ಶಾಲೆಗೆ ತಿಳಿಸಿ. ಮುಚ್ಚಿಡಬೇಡಿ. ಅದೇ ತರಗತಿಯಲ್ಲಿ ಇನ್ನೊಬ್ಬರ ಮನೆಯಲ್ಲಿ ಬಸುರಿ ಇರಬಹುದು, ಎಳೆಗೂಸು ಇರಬಹುದು.

ಹೇನು ಇದೆ ಎಂದು ಮಗುವನ್ನು ಮನೆಯಲ್ಲಿ ಕೂರಿಸಬೇಕಿಲ್ಲ. ಸಂಜೆ ಕೂತು ಬಾಚಿ, ಔಷಧಿ ಹಚ್ಚಿ. ಕಜ್ಜಿಗೆ ಮಾತ್ರ ಡಾಕ್ಟರು ಕೊಟ್ಟ ಔಷಧಿಯನ್ನು ಒಮ್ಮೆ ಪೂರ್ತಿ ಹಚ್ಚಿದ ಮೇಲೆ ಕಳಿಸಿ.

ತಿಳಿಸುವುದು ಹೇಗೆ

ಹಾಜರಿ ತೆಗೆದುಕೊಳ್ಳುವ ಮುಂಚೆ ಒಂದು ಫೋನ್ ಅಥವಾ ವಾಟ್ಸಾಪ್ ಸಂದೇಶ. ಮಗುವಿನ ಹೆಸರು, ತರಗತಿ, ಕಾರಣ, ಎಷ್ಟು ದಿನ, ಇಷ್ಟೇ. ಫೋನ್ ಇಲ್ಲದವರು ಪಕ್ಕದ ಮನೆಯ ಮಗುವಿನ ಕೈಯಲ್ಲಿ ಚೀಟಿ ಕಳಿಸಿದರೂ ನಡೆಯುತ್ತದೆ. ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಆ ಮಗು ದಾರಿಯಲ್ಲೇ ಮರೆಯುತ್ತದೆ.

ಎರಡು ದಿನಕ್ಕಿಂತ ಜಾಸ್ತಿ ಆದರೆ ರಜಾ ಅರ್ಜಿ ಬರೆದುಕೊಡಿ. ಡಾಕ್ಟರ ಚೀಟಿ ಇದ್ದರೆ ಜೊತೆಗಿಡಿ. ಅರ್ಜಿ ಹೀಗಿದ್ದರೆ ಸಾಕು:

ಗೆ,
ತರಗತಿ ಶಿಕ್ಷಕರು, 3ನೇ ತರಗತಿ
ವಿಷಯ: ಮೂರು ದಿನದ ರಜೆ ಕೋರಿ
ಮಾನ್ಯರೇ,
ನನ್ನ ಮಗಳು (ಹೆಸರು) ನಿಮ್ಮ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳಿಗೆ ಜ್ವರ ಬಂದಿದೆ. ವೈದ್ಯರು ಮೂರು ದಿನ ವಿಶ್ರಾಂತಿ ಹೇಳಿದ್ದಾರೆ. ಆದ್ದರಿಂದ (ದಿನಾಂಕ)ದಿಂದ (ದಿನಾಂಕ)ದವರೆಗೆ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಈ ದಿನಗಳ ಪಾಠ ಯಾವುದು ಎಂದು ತಿಳಿಸಿದರೆ ಮನೆಯಲ್ಲಿ ಓದಿಸುತ್ತೇವೆ.
ಇಂತಿ,
ಪೋಷಕರ ಸಹಿ, ಮೊಬೈಲ್ ಸಂಖ್ಯೆ

ಕೊನೆಯ ಸಾಲನ್ನು ಬಿಡಬೇಡಿ. ಅದನ್ನು ಓದಿದ ಶಿಕ್ಷಕರು ಖಂಡಿತ ಪಾಠದ ವಿವರ ಕೊಡುತ್ತಾರೆ. ಬರೆಯಲು ಬಾರದವರು ಶಾಲೆಗೆ ಹೋಗಿ ಹೇಳಿದರೆ ಅದೂ ಅರ್ಜಿಯಷ್ಟೇ. ಒಂದೇ ಕೋರಿಕೆ: ಕಾರಣ ನಿಜದ್ದಿರಲಿ. ಜಾತ್ರೆಗೆ ಹೋಗಿ ಜ್ವರ ಎಂದು ಬರೆದರೆ, ಬಂದ ದಿನ ಮಗುವೇ ಜಾತ್ರೆಯ ಕಥೆ ಹೇಳುತ್ತದೆ. ಅಪ್ಪ ಬರೆದದ್ದು ಒಂದು, ತಾನು ಹೇಳಿದ್ದು ಒಂದು ಎಂದು ತಿಳಿದಾಗ ಆ ಮಗುವಿನ ಮುಖ ಸಣ್ಣದಾಗುವುದನ್ನು ನೋಡಿದ್ದೇನೆ. ಜಾತ್ರೆ ಎಂದೇ ಬರೆಯಿರಿ. ಊರಿನ ಶಿಕ್ಷಕರಿಗೆ ಜಾತ್ರೆ ಏನೆಂದು ಗೊತ್ತಿರುತ್ತದೆ.

ಮಧ್ಯಾಹ್ನವೂ ಹಾಜರಿ ತೆಗೆದುಕೊಳ್ಳುತ್ತಾರೆ. ಹಾಗಾಗಿ ಊಟದ ಹೊತ್ತಿಗೆ ಮಗುವನ್ನು ಕರೆದೊಯ್ಯುವುದಿದ್ದರೆ ನೀವೇ ಬನ್ನಿ, ಇಲ್ಲವೇ ಶಾಲೆಗೆ ಪರಿಚಯ ಇರುವವರನ್ನು ಕಳಿಸಿ, ಯಾರು ಬರುತ್ತಾರೆಂದು ಮೊದಲೇ ಫೋನ್ ಮಾಡಿ. 'ಚಿಕ್ಕಪ್ಪ ಅಂತೆ' ಎಂದು ಬಂದ ಯಾರದೋ ಜೊತೆ ಶಿಕ್ಷಕರು ಮಗುವನ್ನು ಕಳಿಸುವುದಿಲ್ಲ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ತಡವಾಗಿ ಕಳಿಸುವುದೂ ಒಂದು ರೀತಿಯ ರಜೆಯೇ. ದಿನಕ್ಕೆ ಕಾಲು ಗಂಟೆ ತಡವಾದರೆ 200 ದಿನಕ್ಕೆ 50 ಗಂಟೆ. 800 ಗಂಟೆಯನ್ನು 200 ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕು ಗಂಟೆ ಪಾಠ. ಅಂದರೆ ಹನ್ನೆರಡು ದಿನಕ್ಕೂ ಜಾಸ್ತಿ ಪಾಠ ಹೋಯಿತು. ಆದರೂ ತಡವಾಯಿತೆಂದು ಆ ದಿನ ಪೂರ್ತಿ ಮನೆಯಲ್ಲಿ ಉಳಿಸಿಕೊಳ್ಳಬೇಡಿ, ಕಳಿಸಿ.

ಹೊಟ್ಟೆನೋವು ಅಂತಾನೆ, ಆದರೆ ಹತ್ತು ಗಂಟೆಗೆ ವಾಸಿಯಾಗುತ್ತೆ

ಈ ಮಾತು ಹೇಳುವ ಅಮ್ಮಂದಿರು ಜಾಸ್ತಿ. ಮಗು ನಾಟಕ ಮಾಡುತ್ತಿದೆ ಎಂದು ತೀರ್ಮಾನಿಸುವ ಮುಂಚೆ ಸ್ವಲ್ಪ ನಿಲ್ಲಿ. ಭಯವಾದಾಗ ಮಗುವಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ, ಏನೂ ಇಲ್ಲ ಎಂದಾದರೆ ಕಾರಣ ಶಾಲೆಯಲ್ಲೋ ದಾರಿಯಲ್ಲೋ ಇದೆ.

'ಯಾಕೆ ಹೋಗಲ್ಲ?' ಎಂದು ಬೆಳಿಗ್ಗೆ ಗದರಿ ಕೇಳಿದರೆ ಉತ್ತರ ಬರುವುದಿಲ್ಲ. ರಾತ್ರಿ ಪಕ್ಕದಲ್ಲಿ ಮಲಗಿದಾಗ, ದೀಪ ಆರಿಸಿದ ಮೇಲೆ ಕೇಳಿ. 'ಶಾಲೆಯಲ್ಲಿ ಯಾವ ಹೊತ್ತು ಇಷ್ಟ ಇಲ್ಲ?' ಎಂದು ಕೇಳಿ. ಮಕ್ಕಳಿಗೆ 'ಯಾಕೆ' ಎಂಬುದಕ್ಕಿಂತ 'ಯಾವಾಗ' ಎಂಬುದಕ್ಕೆ ಉತ್ತರ ಹೇಳುವುದು ಸುಲಭ. ಒಬ್ಬ ಹುಡುಗ 'ಒಂದಕ್ಕೆ ಬಿಟ್ಟಾಗ' ಎಂದನಂತೆ. ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ದೊಡ್ಡ ಹುಡುಗರು ಬಾಗಿಲು ತಳ್ಳಿ ನಗುತ್ತಿದ್ದರು. ಅವನು ಬೆಳಗಿನಿಂದ ಸಂಜೆವರೆಗೆ ತಡೆದುಕೊಂಡು ಕೂರುತ್ತಿದ್ದ. ಒಂದು ಚಿಲಕ ಹಾಕಿಸಿದ್ದರಿಂದ ಅವನ ಹೊಟ್ಟೆನೋವು ಹೋಯಿತು.

ಚಿಲಕ, ನೀರು, ಕಾಂಪೌಂಡ್, ಇಂಥದ್ದಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾತಾಡಿ. ಆ ಸಮಿತಿ ಇರುವುದೇ ಪೋಷಕರದ್ದಾಗಿ. ಕಾಯ್ದೆ ಪ್ರಕಾರ ಅದರಲ್ಲಿ ಮುಕ್ಕಾಲು ಭಾಗ ಮಕ್ಕಳ ತಂದೆ-ತಾಯಿ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಹೊಡೆತದ ಭಯ ಕಾರಣವಾಗಿದ್ದರೆ ಅದನ್ನು ಸಹಿಸಬೇಕಿಲ್ಲ. ಮಗುವಿಗೆ ಹೊಡೆಯುವುದು, ಹೀಯಾಳಿಸಿ ಮನಸ್ಸು ನೋಯಿಸುವುದು ಎರಡನ್ನೂ 17ನೇ ಕಲಂ ನಿಷೇಧಿಸಿದೆ. ಮೊದಲು ಮುಖ್ಯ ಶಿಕ್ಷಕರ ಹತ್ತಿರ ಹೋಗಿ. ಸರಿಹೋಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದುಕೊಡಿ. ಮಗುವಿಗೆ ಅಪಾಯ ಇದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕಾರಣ ಹುಡುಕುವ ದಿನಗಳಲ್ಲೂ ಶಾಲೆ ತಪ್ಪಿಸಬೇಡಿ. ಮನೆಯಲ್ಲಿ ಉಳಿದಷ್ಟೂ ಭಯ ದೊಡ್ಡದಾಗುತ್ತದೆ. ಮಗುವಿನ ಸುರಕ್ಷತೆಯೇ ಪ್ರಶ್ನೆಯಾದಾಗ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ತಿಂಗಳುಗಟ್ಟಲೆ ದೂರ ಹೋಗಬೇಕಾದರೆ

ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮನೆಗಳಿಗೆ ಮೇಲೆ ಹೇಳಿದ್ದು ಯಾವುದೂ ಸಾಲುವುದಿಲ್ಲ. ನಿಮ್ಮ ಮುಂದೆ ಇರುವ ದಾರಿ ಎರಡು.

ಮಗು ಊರಲ್ಲೇ ಉಳಿಯಬಹುದಾದರೆ ಅದೇ ಒಳ್ಳೆಯದು. ಅಜ್ಜ-ಅಜ್ಜಿ ಇಲ್ಲದಿದ್ದರೆ ಋತುಮಾನದ ವಸತಿ ಶಾಲೆ (ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವ ಶಾಲೆ) ಹತ್ತಿರದಲ್ಲಿ ಇದೆಯೇ ಎಂದು ಮುಖ್ಯ ಶಿಕ್ಷಕರನ್ನೋ ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರನ್ನೋ ಕೇಳಿ. ಹೊರಡುವ ಹಿಂದಿನ ದಿನ ಕೇಳಿದರೆ ಆಗುವುದಿಲ್ಲ, ಒಂದು ತಿಂಗಳು ಮುಂಚೆಯೇ ಕೇಳಿ.

ಜೊತೆಗೆ ಕರೆದೊಯ್ಯುವುದೇ ಆದರೆ ವರ್ಗಾವಣೆ ಪತ್ರ, ಅಂದರೆ ಟಿಸಿ ಕೇಳಿ. ಬೇರೆ ಶಾಲೆಗೆ ಹೋಗುವ ಮಗುವಿಗೆ ಟಿಸಿಯನ್ನು ತಕ್ಷಣ ಕೊಡಬೇಕು ಎಂದು 5ನೇ ಕಲಂ ಹೇಳುತ್ತದೆ. ಟಿಸಿ ತಡವಾಯಿತೆಂದು ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ವರ್ಷದ ನಡುವೆ ಬಂದಿರಿ ಎಂಬ ಕಾರಣಕ್ಕೂ ವಾಪಸ್ ಕಳಿಸುವಂತಿಲ್ಲ. ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು (ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸಂಖ್ಯೆ) ಒಂದು ಚೀಟಿಯಲ್ಲಿ ಬರೆದು ಆಧಾರ್ ಜೊತೆ ಇಟ್ಟುಕೊಳ್ಳಿ. ರಾಜ್ಯದೊಳಗೆ ಎಲ್ಲಿಗೆ ಹೋದರೂ ಅದರಿಂದ ಮಗುವಿನ ದಾಖಲೆ ಸಿಗುತ್ತದೆ.

ಹೇಳದೆ ಕೇಳದೆ ಹೊರಟುಹೋದರೆ ಮಗುವಿನ ಹೆಸರು 'ಶಾಲೆಯಿಂದ ಹೊರಗುಳಿದವರ' ಪಟ್ಟಿಗೆ ಸೇರುತ್ತದೆ. ಶಿಕ್ಷಕರು ಮನೆಗೆ ಬರುತ್ತಾರೆ, ಬೀಗ ನೋಡಿ ಹಿಂದಿರುಗುತ್ತಾರೆ. ತಿಂಗಳುಗಳ ನಂತರ ಬಂದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಬಿಟ್ಟುಹೋದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು. ನಾಚಿಕೆಯಿಂದ ಕಳಿಸದೆ ಉಳಿಯಬೇಡಿ. ನಾಲ್ಕನೇ ತರಗತಿಯ ಎತ್ತರದ ಹುಡುಗನನ್ನು ಎರಡರಲ್ಲಿ ಕೂರಿಸುವುದಿಲ್ಲ.

ಮರಳಿ ಬಂದ ದಿನ

ಒಂದರಿಂದ ಮೂರನೇ ತರಗತಿಯ ನಲಿ-ಕಲಿಯಲ್ಲಿ ಮಕ್ಕಳು ತಮ್ಮದೇ ಮೆಟ್ಟಿಲಿನಲ್ಲಿ ಸಾಗುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯ ದೊಡ್ಡ ಗುಣ ಇದೇ: ರಜೆ ಮುಗಿಸಿ ಬಂದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯಬಹುದು. ಆದರೆ ಜೊತೆಗಿದ್ದ ಗೆಳೆಯರು ಮುಂದಿನ ಗುಂಪಿಗೆ ಹೋಗಿರುತ್ತಾರೆ. ಪಾಠಕ್ಕಿಂತ ಅದು ಮಗುವಿಗೆ ಜಾಸ್ತಿ ನೋವು ಕೊಡುತ್ತದೆ. ನಾಲ್ಕರಿಂದ ಮುಂದೆ ಪಾಠ ಯಾರಿಗೂ ಕಾಯುವುದಿಲ್ಲ, ಗಣಿತವಂತೂ ಇಲ್ಲವೇ ಇಲ್ಲ. ಭಾಗಾಕಾರದ ಮೊದಲ ಮೂರು ದಿನ ತಪ್ಪಿಸಿಕೊಂಡ ಮಗುವಿಗೆ ನಾಲ್ಕನೇ ದಿನ ಹಲಗೆಯ ಮೇಲಿರುವುದು ಏನೂ ತಿಳಿಯುವುದಿಲ್ಲ. ಆದ್ದರಿಂದ ನೋಟ್ಸ್ ಎಲ್ಲ ಒಂದೇ ರಾತ್ರಿ ಬರೆಸಬೇಡಿ. ಮೊದಲು ಗಣಿತ ಯಾವುದು ಹೋಯಿತು ಎಂದು ಕೇಳಿ ಅದನ್ನು ಹಿಡಿಯಿರಿ. ಭಾಷೆಯ ಪಾಠವನ್ನು ದಿನಕ್ಕೊಂದರಂತೆ ಗಟ್ಟಿಯಾಗಿ ಓದಿಸಿ. ಉಳಿದ ಬರವಣಿಗೆ ಭಾನುವಾರಕ್ಕಿರಲಿ.

ಮೂರು ದಿನಕ್ಕಿಂತ ಜಾಸ್ತಿ ತಪ್ಪಿದ್ದರೆ ಮೊದಲ ದಿನ ನೀವೇ ಶಾಲೆಯವರೆಗೆ ಹೋಗಿ. ಮಾತ್ರೆ ಇದ್ದರೆ ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಚೀಟಿಯಲ್ಲಿ ಬರೆದು ಶಿಕ್ಷಕರ ಕೈಗೇ ಕೊಡಿ. ಓಡುವ ಆಟ ಬೇಡ ಎಂದು ಡಾಕ್ಟರು ಹೇಳಿದ್ದರೆ ಅದನ್ನೂ ಹೇಳಿ. ಆಮೇಲೆ ಮಗು ತನ್ನ ಜಾಗದಲ್ಲಿ ಕೂತು ಪಕ್ಕದವರ ಜೊತೆ ಮಾತಿಗೆ ಇಳಿಯುವ ತನಕ ಬಾಗಿಲ ಹತ್ತಿರ ಒಂದು ನಿಮಿಷ ನಿಂತು, ಹೊರಟು ಬನ್ನಿ.